ಕಾಡೇ ಕಾರ್ಖಾನೆಯಾದವರ ಜ್ವರ

ಮಲೆನಾಡಿನ ಹಳ್ಳಿಗಳಿಗೆ ಚಳಿಗಾಲ ಕಾಲಿಡುತ್ತಿದ್ದಂತೆ ಆರೋಗ್ಯ ಇಲಾಖೆಯ ಸೂಚನೆಯೊಂದು ಜೊತೆಗೇ ಬರುತ್ತದೆ. ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಕೈಕಾಲಿಗೆ ತೈಲ ಹಚ್ಚಿಕೊಂಡು ಹೋಗಿ, ಮರಳಿ ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ, ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಕೊಡಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಜನರಿಗೆ ಈ ಮಾತುಗಳು ಬಾಯಿಪಾಠವಾಗಿವೆ. ಕಾರಣ, 1957ರಲ್ಲಿ ಗುರುತು ಸಿಕ್ಕಿದ ಮಂಗನ ಕಾಯಿಲೆ ಅಂದಿನಿಂದ ಈ ಸೀಮೆಯನ್ನು ಬಿಟ್ಟು ಹೋಗಿಲ್ಲ.

ಸೂಚನೆಯಲ್ಲಿ ತಪ್ಪು ಹುಡುಕುವುದು ಕಷ್ಟ. ವೈದ್ಯಶಾಸ್ತ್ರದ ದೃಷ್ಟಿಯಿಂದ ಪ್ರತಿಯೊಂದು ಮಾತೂ ಸರಿಯೇ. ಆದರೆ ಪಾಲಿಸುವವರ ದೃಷ್ಟಿಯಿಂದ ನೋಡಿದಾಗ ಅದರ ಮೊದಲ ಸಾಲೇ ಸಮಸ್ಯೆಯಾಗುತ್ತದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯನ್ನೇ ತೆಗೆದುಕೊಳ್ಳಬಹುದು. ಭದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯ ಈ ಊರಿನ ಪಕ್ಕದಲ್ಲಿ ಹಿನ್ನೀರು ಹರಡಿಕೊಂಡಿದೆ. ಅದನ್ನು ಸುತ್ತಿಕೊಂಡು ಭದ್ರಾ ಅಭಯಾರಣ್ಯದ ಕಾಡು ನಿಂತಿದೆ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿದ್ದುದಕ್ಕೆ 1974ರಲ್ಲಿ ಲಕ್ಕವಳ್ಳಿಯ ಕಾಡುಗಳೂ ಸೇರಿ ಭದ್ರಾ ಎಂಬ ಹೆಸರಾಯಿತು. 1998ರಲ್ಲಿ ಹುಲಿ ಯೋಜನೆಗೆ ಒಳಪಟ್ಟಿತು. ಹಿನ್ನೀರಿನ ಆಚೆ ದಡದಲ್ಲಿ ನರಸಿಂಹರಾಜಪುರ, ಅದರಾಚೆ ಕೊಪ್ಪ, ಶೃಂಗೇರಿ. 2024ರ ಆರಂಭದಲ್ಲಿ ಈ ಮೂರೂ ತಾಲ್ಲೂಕುಗಳಿಂದ ಮಂಗನ ಕಾಯಿಲೆಯ ಸುದ್ದಿ ಬಂದಿತ್ತು.

ಇಂಥ ಊರುಗಳಲ್ಲಿ ಕಾಡು ಎಂದರೆ ಸೌದೆ, ಸೊಪ್ಪು, ದರಗು, ಜೇನು, ಸೀಗೆ, ಅಂಟುವಾಳ. ದನ ಮೇಯುವ ಜಾಗ ಅದು. ಅರಣ್ಯ ಇಲಾಖೆಯ ದಿನಗೂಲಿ ಸಿಗುವುದೂ ಅಲ್ಲಿಯೇ. ಊರಿನ ಬಡವನಿಗೆ ಕಾಡು ಕಾರ್ಖಾನೆಯಿದ್ದಂತೆ. ಆದ್ದರಿಂದ ಕಾಡಿಗೆ ಹೋಗಬೇಡಿ ಎಂದಾಗ ಅವನಿಗೆ ಕೇಳಿಸುವುದು ಕೆಲಸಕ್ಕೆ ಹೋಗಬೇಡಿ ಎಂದು. ಆರೂವರೆ ದಶಕಗಳ ಮಂಗನ ಕಾಯಿಲೆಯ ಚರಿತ್ರೆಯನ್ನು ಓದಿದರೆ ಈ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಇದು ದುಡಿಮೆಯ ಜಾಗದಲ್ಲಿ ತಗಲುವ ರೋಗ. ಆದರೆ ಇದನ್ನು ಬಹುಮಟ್ಟಿಗೆ ಹಳ್ಳಿಯವರ ಅಜಾಗರೂಕತೆಯ ರೋಗವೆಂಬಂತೆ ನಡೆಸಿಕೊಂಡು ಬರಲಾಗಿದೆ.

ಪ್ಲೇಗಿನ ಕಾಲದ ಪಾಠ

ರೋಗದ ಹೆಸರಿನಲ್ಲಿ ಜನರ ಓಡಾಟಕ್ಕೆ ಕಟ್ಟುಪಾಡು ಹಾಕುವುದು ಕನ್ನಡನಾಡಿಗೆ ಹೊಸದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್, ರೈಲು ಮಾರ್ಗ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದಿತ್ತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ಇವರೇ ಮುಂದೆ 1906ರಲ್ಲಿ ಸಂಸ್ಥಾನದ ದಿವಾನರಾದರು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ರೋಗಿಗಳನ್ನು ಬೇರೆ ಇಡುವುದು, ಮನೆಗಳಿಗೆ ಔಷಧಿ ಸಿಂಪಡಿಸುವುದು, ಊರು ತೆರವು ಮಾಡಿಸುವುದು ಮೊದಲಾದ ಕ್ರಮಗಳು ಶುರುವಾದವು. ಜನ ಸುಮ್ಮನಿರಲಿಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅದೇ ವರ್ಷ ಗಲಭೆಯೇ ನಡೆಯಿತು.

ಗಲಭೆಯಷ್ಟೇ ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ಕಾಲಕ್ರಮೇಣ ಹಳ್ಳಿಗಳಲ್ಲಿ ಪ್ಲೇಗಿನ ಒಂದು ಕಟ್ಟುಪಾಡನ್ನು ಜನ ತಾವಾಗಿಯೇ ಒಪ್ಪಿಕೊಂಡರು. ಅದು ಊರು ಬಿಡುವುದು. ಇಲಿ ಬಿದ್ದ ಸುದ್ದಿ ಹಬ್ಬುತ್ತಲೇ ಪಾತ್ರೆಪಡಗ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಕರ್ನಾಟಕದ ಹಲವು ಹಳ್ಳಿಗಳ ಹಿರಿಯರ ನೆನಪಿನಲ್ಲಿ ಉಳಿದ ಮಾತು. ಈ ಆಜ್ಞೆ ಏಕೆ ನಡೆಯಿತು? ಒಕ್ಕಲಿಗನಿಗೆ ಹೊಲವೇ ಕೆಲಸದ ಜಾಗವಾಗಿತ್ತು. ಊರು ಬಿಟ್ಟವನು ತನ್ನ ಕೆಲಸದ ಹತ್ತಿರಕ್ಕೇ ಹೋದ. ಕಷ್ಟವಿತ್ತು, ಮಳೆಗಾಳಿಯ ಕಾಟವಿತ್ತು. ಆದರೆ ಕೂಲಿ ಕಟ್ಟಾಗಲಿಲ್ಲ, ಒಲೆ ಆರಲಿಲ್ಲ. ನಗರದ ಕೂಲಿಕಾರನಿಗೆ ಈ ಅನುಕೂಲ ಇರಲಿಲ್ಲ. ಅವನ ಪಾಲಿಗೆ ಪ್ರತಿಬಂಧವೆಂದರೆ ಉಪವಾಸವೇ ಆಗಿತ್ತು.

ಮಂಗನ ಕಾಯಿಲೆಯಲ್ಲಿ ಲೆಕ್ಕ ತಲೆಕೆಳಗಾಯಿತು. ಪ್ಲೇಗಿನಲ್ಲಿ ಮನೆ ಅಪಾಯದ ಜಾಗವಾಗಿತ್ತು, ಬಯಲು ಕ್ಷೇಮದ ಜಾಗವಾಗಿತ್ತು. ಇಲ್ಲಿ ಮನೆಯೇ ಕ್ಷೇಮ, ಕೆಲಸದ ಜಾಗವೇ ಅಪಾಯ.

ಕ್ಯಾಸನೂರಿನ ಮಂಗಗಳು

ಮಲೆನಾಡಿಗೆ ಜ್ವರ ಹಳೆಯ ನೆಂಟ. ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಇತ್ತ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವಿತ್ತು. 1940ರ ದಶಕದ ನಂತರ ಡಿ.ಡಿ.ಟಿ. ಬಂದು ಮಲೇರಿಯಾ ಇಳಿಮುಖವಾಯಿತು. ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾದ ಅಣೆಕಟ್ಟೆಯ ಕೆಲಸ ಇನ್ನೂ ನಡೆಯುತ್ತಿದ್ದ ದಿನಗಳಲ್ಲೇ, 1957ರ ಮಾರ್ಚ್ ಹೊತ್ತಿಗೆ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯುತ್ತಿವೆ ಎಂಬ ವರದಿ ಬಂತು. ಸುತ್ತಲ ಹಳ್ಳಿಗಳಲ್ಲಿ ಜನರಿಗೂ ಜ್ವರ. ಹಿಂದಿನ ವರ್ಷವೇ ಅಲ್ಲಿ ಜ್ವರ ಕಾಣಿಸಿಕೊಂಡಿದ್ದರೂ ಅದನ್ನು ವಿಷಮಶೀತ ಜ್ವರವೆಂದು ತಿಳಿಯಲಾಗಿತ್ತು.

ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ಅಲ್ಲಿನವರಿಗೆ ದೊಡ್ಡ ಗಾಬರಿ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ. ಅದು ಭಾರತಕ್ಕೆ ಎಂದೂ ಬಂದಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಧಾರಾಳವಾಗಿತ್ತು. ಡಾ. ಟೆಲ್ಫರ್ ವರ್ಕ್ ಮತ್ತು ಸಂಗಡಿಗರು ಬಂದು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಅದರ ಹತ್ತಿರದ ಸಂಬಂಧಿ ಇದ್ದುದು ದೂರದ ರಷ್ಯಾದ ಕಾಡುಗಳಲ್ಲಿ. ವೈರಸ್ಸಿಗೂ ರೋಗಕ್ಕೂ ಕ್ಯಾಸನೂರು ಕಾಡಿನ ಹೆಸರನ್ನೇ ಇಟ್ಟರು. ಸೊರಬದ ಒಂದು ಕಾಡಿನ ಹೆಸರು ಹೀಗೆ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಊರಿನವರು ಮಾತ್ರ ಅದನ್ನು ಮಂಗನ ಕಾಯಿಲೆ ಎಂದೇ ಕರೆದರು.

ಹೆಸರು ಹಾಗಿದ್ದರೂ ರೋಗ ಹರಡುವುದು ಉಣುಗಿನಿಂದ. ಮುಸುವ ಮತ್ತು ಕೆಂಪು ಮಂಗಗಳಿಗೆ ಈ ವೈರಸ್ ಮಾರಕ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಸುತ್ತಲ ತರಗೆಲೆಗೆ ಇಳಿಯುತ್ತವೆ. ರಾಗಿಕಾಳಿನಷ್ಟೂ ಇರದ ಮರಿ ಉಣುಗು ಮನುಷ್ಯನಿಗೆ ಕಚ್ಚಿದರೆ ಸಾಕು. ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜ್ವರ, ತಲೆ ಸಿಡಿತ, ಮೈಕೈ ನೋವು; ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಕೆಲವರಲ್ಲಿ ಜ್ವರ ಬಿಟ್ಟು ಮರುಕಳಿಸಿ ಮಿದುಳಿಗೆ ತಾಗುತ್ತದೆ. ರೋಗ ತಗಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ವೈದ್ಯರ ಅಂದಾಜು. ಇದಕ್ಕೆಂದೇ ಇರುವ ಔಷಧಿ ಇಲ್ಲ. ಲಕ್ಷಣಗಳಿಗೆ ಚಿಕಿತ್ಸೆ ಮಾಡಿ ರೋಗಿಯನ್ನು ಕಾಪಾಡಬೇಕು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಬದುಕಿ ಉಳಿದವರಿಗೂ ವಾರಗಟ್ಟಲೆ ನಿಶ್ಶಕ್ತಿ. ದಿನಗೂಲಿಯವನಿಗೆ ಒಂದು ಜ್ವರವೆಂದರೆ ಒಂದು ಹಂಗಾಮಿನ ಸಂಪಾದನೆ.

ರೋಗದ ಪಂಚಾಂಗ, ದುಡಿಮೆಯ ಪಂಚಾಂಗ

ಮಳೆಗಾಲ ಮುಗಿದ ಮೇಲೆ ಮರಿ ಉಣುಗುಗಳು ಹೆಚ್ಚುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮುಂಗಾರಿನ ಮಳೆ ಬೀಳುವ ತನಕ, ಕಾಯಿಲೆಯ ಕಾಲ. ಮಲೆನಾಡಿನಲ್ಲಿ ಕೆಲಸದ ಕಾಲವೂ ಇದೇ. ಅಡಿಕೆಯ ಕೊಯ್ಲು, ಕಾಫಿಯ ಕೊಯ್ಲು ಮುಗಿಯುವುದು ಈ ತಿಂಗಳುಗಳಲ್ಲಿ. ಸೀಗೆ, ಅಂಟುವಾಳ ಕೂಡಿಸುವುದು, ಮುಂದಿನ ಮಳೆಗಾಲಕ್ಕೆ ಸೌದೆ ಒಟ್ಟುವುದು, ಎಲೆ ಉದುರುವ ಕಾಲದಲ್ಲಿ ದರಗು ಗುಡಿಸಿ ತರುವುದು ಎಲ್ಲವೂ ಆಗಲೇ. ಸೌದೆ ಮತ್ತು ದರಗಿನ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು.

ದರಗಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಡಿಕೆ ತೋಟ ನಿಂತಿರುವುದೇ ಸೊಪ್ಪಿನ ಮೇಲೆ. ತೋಟದ ಗೊಬ್ಬರಕ್ಕೆಂದು ಸೊಪ್ಪಿನ ಬೆಟ್ಟಗಳನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ಇದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಹಸಿರು ಸೊಪ್ಪನ್ನೂ ಒಣ ದರಗನ್ನೂ ಕೊಟ್ಟಿಗೆಯಲ್ಲಿ ಹಾಸಿ, ದನದ ಸಗಣಿ ಗಂಜಳದೊಡನೆ ಕೊಳೆಸಿ ತೋಟಕ್ಕೆ ಹಾಕುತ್ತಾರೆ. ದರಗಿನ ಹೊರೆಯಲ್ಲಿ ಉಣುಗೂ ಮನೆಗೆ ಬರುತ್ತದೆ. ಮನೆಯ ಸುತ್ತ ದರಗಿನ ರಾಶಿ ಇದ್ದರೆ ಕಾಯಿಲೆಯ ಭಯ ಹೆಚ್ಚು ಎಂದು ತೀರ್ಥಹಳ್ಳಿ ಭಾಗದಲ್ಲಿ ನಡೆದ ಅಧ್ಯಯನ ತೋರಿಸಿದೆ. ಕಾಡಿಗೆ ಕಾಲಿಡದ ಮುದುಕಿಗೂ ಜ್ವರ ಬರುವುದು ಹೀಗೆ.

ರೋಗ ಏಕೆ ಹರಡಿತೆಂಬ ಪ್ರಶ್ನೆಗೂ ಉತ್ತರ ದುಡಿಮೆಯ ಸುತ್ತಲೇ ಇದೆ. ವೈರಸ್ ಕೇಂದ್ರದಲ್ಲಿ ಕೆಲಸ ಮಾಡಿದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1960ರ ದಶಕದಲ್ಲಿ ಒಂದು ವಿವರಣೆ ಕೊಟ್ಟರು. ಕಾಡನ್ನು ಕಡಿದು ಗದ್ದೆ ಮಾಡುತ್ತಾರೆ. ಗದ್ದೆಯೊಡನೆ ದನ ಬರುತ್ತವೆ. ದನ ಕಾಡಿನಂಚಿನಲ್ಲಿ ಮೇಯುತ್ತವೆ. ದನದ ರಕ್ತ ಕುಡಿದು ಬೆಳೆದ ಉಣುಗುಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ಜನ ಕಾಡಿನಂಚಿಗೆ ಬಂದದ್ದು ಯಾವಾಗಲೂ ಸ್ವಂತ ಇಷ್ಟದಿಂದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಮುಳುಗಡೆಯಾದ ಶರಾವತಿ ಕಣಿವೆಯವರು ಶಿವಮೊಗ್ಗ ಜಿಲ್ಲೆಯ ಕಾಡುಗಳ ನಡುವೆ ಹೊಸ ನೆಲ ಹದಮಾಡಿಕೊಳ್ಳಬೇಕಾಯಿತು.

ಕೂಲಿಯ ಜಾಗದಲ್ಲಿ ಕಾದಿದ್ದ ರೋಗ

ಮೊದಲು ಸಾಗರ, ಸೊರಬ ತಾಲ್ಲೂಕುಗಳಿಗೆ ಸೀಮಿತವಾಗಿದ್ದ ಕಾಯಿಲೆ 1970ರ ದಶಕದಲ್ಲಿ ಉತ್ತರ ಕನ್ನಡಕ್ಕೆ ಹಬ್ಬಿತು. 1982ರ ಕೊನೆಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡಾಗ ಅದರ ಸ್ವರೂಪ ಎಲ್ಲರಿಗೂ ಸ್ಪಷ್ಟವಾಯಿತು. ಅಲ್ಲಿ ಗೇರು ತೋಟ ಎಬ್ಬಿಸಲು ದೊಡ್ಡ ಪ್ರಮಾಣದಲ್ಲಿ ಕಾಡು ಕಡಿಸಲಾಗಿತ್ತು. ಹಳೆಯ ಕಾಡಿನ ಒಳಗೆ ತನ್ನಷ್ಟಕ್ಕೆ ಇದ್ದ ವೈರಸ್ ಕೊಡಲಿ ಹಿಡಿದು ಬಂದವರಿಗೆ ಅಂಟಿತು. ಮುಂದಿನ ಎರಡು ಹಂಗಾಮುಗಳಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಕಾಡಿಗೆ ಹೋಗಬೇಡಿ ಎಂಬ ಬುದ್ಧಿಮಾತು ಈ ಕೂಲಿಕಾರರಿಗೆ ಹೇಗೆ ಅನ್ವಯಿಸೀತು? ಅವರನ್ನು ಕಾಡಿಗೆ ಕಳಿಸಿದ್ದೇ ಕೂಲಿ.

ಮೂವತ್ತು ವರ್ಷಗಳ ನಂತರ, 2012ರ ಕೊನೆಯಲ್ಲಿ, ಕಾಯಿಲೆ ಯಾರೂ ನಿರೀಕ್ಷಿಸದ ಕಡೆ ಎದ್ದಿತು. ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡುವ ಕೆಲಸಕ್ಕೆ ಹೋದ ಅರಣ್ಯ ಕೆಲಸಗಾರರು ಜ್ವರಕ್ಕೆ ಬಿದ್ದರು. ಅವರು ಸರ್ಕಾರಿ ಕೆಲಸ ಮಾಡುತ್ತಿದ್ದವರು. ಮುಟ್ಟಬೇಡಿ ಎಂದು ಊರಿಗೆಲ್ಲ ಹೇಳುವ ವಸ್ತುವನ್ನು ಮುಟ್ಟುವುದೇ ಅವರ ಕೆಲಸವಾಗಿತ್ತು. ನಂತರದ ವರ್ಷಗಳಲ್ಲಿ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗಗಳಿಂದ ಸುದ್ದಿ ಬಂತು. ದೋಡಾಮಾರ್ಗದಲ್ಲಿ ಕಾಯಿಲೆ ಕಂಡದ್ದು ಗೇರುಬೀಜ ಆರಿಸುವ ಹಂಗಾಮಿನಲ್ಲಿ.

ಇದೇ ವೈರಸ್ಸಿನಿಂದ ಇನ್ನೊಂದು ವರ್ಗದ ದುಡಿಮೆಗಾರರೂ ಕಾಯಿಲೆ ಬಿದ್ದಿದ್ದಾರೆ. ಅವರು ಪ್ರಯೋಗಾಲಯದ ವಿಜ್ಞಾನಿಗಳು, ಸಹಾಯಕರು. ವೈರಸ್ ಪತ್ತೆಯಾದಂದಿನಿಂದಲೇ ಪ್ರಯೋಗಾಲಯಗಳಲ್ಲಿ ಅನೇಕರಿಗೆ ಸೋಂಕು ತಗಲಿತು. ಅಲ್ಲಿ ಏನಾಯಿತು ಎಂಬುದು ಗಮನಾರ್ಹ. ಕೆಲಸದ ರೀತಿಯನ್ನೇ ಬದಲಿಸಲಾಯಿತು. ಹೊರಗಿನ ಗಾಳಿಗೆ ಸಂಪರ್ಕವಿಲ್ಲದ ವಿಶೇಷ ಕೊಠಡಿ, ರಕ್ಷಣಾ ಉಡುಪು, ತರಬೇತಿ ಇಲ್ಲದೆ ಈ ವೈರಸ್ಸನ್ನು ಮುಟ್ಟುವಂತಿಲ್ಲ ಎಂಬ ನಿಯಮ ಬಂತು. ಪ್ರಯೋಗಾಲಯಕ್ಕೆ ಹೋಗಬೇಡಿ ಎಂದು ವಿಜ್ಞಾನಿಗೆ ಯಾರೂ ಹೇಳಲಿಲ್ಲ. ಹೋಗಿಯೂ ಕ್ಷೇಮವಾಗಿರುವ ಏರ್ಪಾಟು ಮಾಡಿಕೊಟ್ಟರು. ದರಗು ಗುಡಿಸುವವರಿಗೆ ಸಿಕ್ಕಿದ್ದು ಒಂದು ಬಾಟಲಿ ತೈಲ.

ಆ ತೈಲವನ್ನು ಹಗುರವಾಗಿ ಕಾಣಬೇಕಿಲ್ಲ. ಮೊದಲು ಡಿ.ಎಂ.ಪಿ., ಆಮೇಲೆ ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಡೆಪಾ ತೈಲ, ಎರಡೂ ಉಣುಗನ್ನು ದೂರವಿಡುತ್ತವೆ. ಆದರೆ ಅದರ ಶಕ್ತಿ ಕೆಲವು ಗಂಟೆಗಳದು. ಬಿಸಿಲಿನಲ್ಲಿ ಬೆವರು ಹರಿಸಿ ಹೊರೆ ಹೊರುವವರು ನಡುವೆ ಮತ್ತೆ ಹಚ್ಚಿಕೊಳ್ಳಬೇಕು. ಮಾರ್ಚ್ ತಿಂಗಳ ಸೆಕೆಯಲ್ಲಿ ಮೈತುಂಬ ದಪ್ಪ ಬಟ್ಟೆ ತೊಟ್ಟು ದುಡಿಯುವುದು ಹೇಳಿದಷ್ಟು ಸುಲಭವಲ್ಲ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನವೂ ಸರಿಯಾದ ಮಾತೇ. ಆದರೆ ನೀರು ಕಾಯಿಸುವ ಸೌದೆಗೆ ಮತ್ತೆ ಅದೇ ಕಾಡಿಗೆ ಹೋಗಬೇಕು.

ಲಸಿಕೆ ಮತ್ತು ಕೂಲಿ ದಿನ

ಪುಣೆಯ ಕೇಂದ್ರವೇ ಲಸಿಕೆಯೊಂದನ್ನು ರೂಪಿಸಿತ್ತು. 1990ರ ದಶಕದ ಆರಂಭದಿಂದ ಅದನ್ನು ಮಲೆನಾಡಿನಲ್ಲಿ ವ್ಯಾಪಕವಾಗಿ ಬಳಸಲಾಯಿತು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಎಲ್ಲ ಸೇರಿ ಎಂಟು. ಚುಚ್ಚಿದ ತೋಳು ನೋಯುತ್ತಿತ್ತು. ಒಂದೆರಡು ದಿನ ಕತ್ತಿ ಹಿಡಿಯಲಾಗದಿದ್ದರೆ ಆ ದಿನದ ಕೂಲಿ ಕೊಡುವವರಿಲ್ಲ. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನವೊಂದು ಎರಡು ಚುಚ್ಚುಮದ್ದು ಪಡೆದವರಿಗೆ ಶೇಕಡ 62, ಮೂರನೆಯದನ್ನೂ ಪಡೆದವರಿಗೆ ಶೇಕಡ 83ರಷ್ಟು ರಕ್ಷಣೆ ಸಿಕ್ಕಿತೆಂದು ಹೇಳಿತು. ಮೂರನೆಯದಕ್ಕೆ ಬರುವವರೇ ಕಡಿಮೆಯಿದ್ದರು. ಜನ ಲಸಿಕೆಗೆ ಸಹಕರಿಸುವುದಿಲ್ಲ ಎಂದು ಅಧಿಕಾರಿಗಳ ದೂರು. ಹಾಕಿಸಿಕೊಂಡರೂ ಕಾಯಿಲೆ ಬರುತ್ತದೆ ಎಂದು ಜನರ ದೂರು. ಎರಡರಲ್ಲೂ ನಿಜವಿತ್ತು. ಕೊನೆಗೆ ಲಸಿಕೆಯ ಗುಣಮಟ್ಟದ ಬಗ್ಗೆಯೇ ಪ್ರಶ್ನೆಗಳೆದ್ದು 2022ರಲ್ಲಿ ಅದರ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಳ್ಳಲಾಯಿತು.

ಇದಕ್ಕೆ ಮೊದಲು, 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಉಗ್ರವಾಗಿ ಎದ್ದಿತ್ತು. ತೀವ್ರವಾದವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ಜನರ ಒತ್ತಾಯದ ಮೇಲೆ ಸರ್ಕಾರ ಅಲ್ಲಿನ ಚಿಕಿತ್ಸೆಯ ವೆಚ್ಚ ವಹಿಸಿಕೊಂಡಿತು. ಮರುವರ್ಷದ ಹಂಗಾಮು ಏರುತ್ತಿದ್ದಾಗಲೇ ಕೊರೋನಾ ಬಂತು. 2020ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕೊರೋನಾ ನಿಯಮಗಳನ್ನು ಹೊರಡಿಸಿದ್ದು ಪ್ಲೇಗಿನ ಕಾಲದ ಅದೇ 1897ರ ಕಾಯ್ದೆಯ ಅಡಿಯಲ್ಲಿ. ಸಾಗರ, ಸಿದ್ದಾಪುರ ತಾಲ್ಲೂಕುಗಳ ಕಾಡಂಚಿನವರ ಮೇಲೆ ಆಗ ಎರಡು ಪ್ರತಿಬಂಧಗಳು ಒಟ್ಟಿಗೆ ಬಿದ್ದವು. ಒಂದು ಕಾಡಿಗೆ ಹೋಗಬೇಡಿ ಎಂದಿತು. ಇನ್ನೊಂದು ಪೇಟೆಗೆ ಹೋಗಬೇಡಿ ಎಂದಿತು. ಪೇಟೆಯ ಕೂಲಿ ನಿಂತವರಿಗೆ ಉಳಿದಿದ್ದು ಕಾಡೊಂದೇ. ನಗರದವರು ಕೆಲವು ತಿಂಗಳು ಅನುಭವಿಸಿ ಬೇಸತ್ತ ಕಟ್ಟುಪಾಡು ಮಲೆನಾಡಿನ ಈ ಹಳ್ಳಿಗಳಿಗೆ ಪ್ರತಿ ಚಳಿಗಾಲದ ಪಾಡಾಗಿತ್ತು ಎಂಬುದನ್ನು ಆಗ ಗಮನಿಸಿದವರು ಕಡಿಮೆ.

ಕಾನೂನು ಏನು ಹೇಳುತ್ತದೆ

ಭಾರತದ ಕಾನೂನಿನಲ್ಲಿ ಕೆಲಸದಿಂದ ಬರುವ ರೋಗಕ್ಕೆ ಜಾಗವಿಲ್ಲ ಎಂದೇನೂ ಅಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಗೆ ವೃತ್ತಿರೋಗಗಳ ಪಟ್ಟಿಯೊಂದನ್ನು ಲಗತ್ತಿಸಲಾಗಿತ್ತು. ಸೋಂಕಿನ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗಲಿದ ಸಾಂಕ್ರಾಮಿಕ ರೋಗಗಳು ಆ ಪಟ್ಟಿಯ ಮೊದಲ ಸಾಲಿನಲ್ಲೇ ಇದ್ದವು. ಪ್ರಾಣಿಗಳನ್ನೂ ಅವುಗಳ ಶವಗಳನ್ನೂ ಮುಟ್ಟುವ ಕೆಲಸದ ಉಲ್ಲೇಖವೂ ಇತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಂಥದೇ ಪಟ್ಟಿಯಿದೆ. ಬಂಡೀಪುರದ ಕೆಲಸಗಾರನಿಗೆ, ಬೆಳ್ತಂಗಡಿಯ ಕಡಿತದ ಆಳಿಗೆ ಒಪ್ಪುವ ಮಾತುಗಳಿವು.

ತೊಡಕು ಇರುವುದು ಬೇರೆಡೆ. ಪರಿಹಾರ ಕೇಳಬೇಕಾದರೆ ಕೆಲಸ ಕೊಟ್ಟ ಒಡೆಯನೊಬ್ಬ ಬೇಕು. ಉಣುಗು ಕಚ್ಚಿದ ದಿನ ಯಾವುದು, ಆ ದಿನ ಯಾರ ಕೆಲಸದಲ್ಲಿದ್ದೆ ಎಂದು ಹೇಳಬೇಕು. ಜ್ವರ ಬರುವುದು ಒಂದು ವಾರ ಕಳೆದು. ಅಷ್ಟರಲ್ಲಿ ಕೂಲಿಯವಳು ಮೂರು ತೋಟಗಳಲ್ಲಿ ದುಡಿದಿರುತ್ತಾಳೆ, ನಡುವೆ ಒಂದು ದಿನ ಸ್ವಂತಕ್ಕೆ ಸೌದೆ ತಂದಿರುತ್ತಾಳೆ. ಸೀಗೆ, ಅಂಟುವಾಳ ಕೂಡಿಸುವವರಿಗೆ ಒಡೆಯನೇ ಇಲ್ಲ. ಅಭಯಾರಣ್ಯದ ಅಂಚಿನಲ್ಲಾದರೆ ಕಾಡಿಗೆ ಹೋದೆನೆಂದು ಹೇಳಿಕೊಳ್ಳಲೂ ಅಂಜಿಕೆ. ಅದು ತಪ್ಪೊಪ್ಪಿಕೊಂಡಂತೆ ಆದೀತು. ಸತ್ತ ಮಂಗದ ಸುದ್ದಿ ತಡವಾಗಿ ತಲುಪುವುದಕ್ಕೆ ಈ ಅಂಜಿಕೆಯೂ ಒಂದು ಕಾರಣವಾಗಬಲ್ಲದು. ಮಂಗ ಬಿದ್ದ ಸುದ್ದಿಯೇ ರೋಗದ ಮೊದಲ ಮುನ್ಸೂಚನೆ; ಅದನ್ನು ಮೊದಲು ಕಾಣುವವರು ಕಾಡಿನಲ್ಲಿ ಓಡಾಡುವವರೇ.

ಗುರುತಾದಂದಿನಿಂದ ವರ್ಷಕ್ಕೆ ಸುಮಾರು ನಾನೂರರಿಂದ ಐನೂರು ಮಂದಿಗೆ ಈ ಕಾಯಿಲೆ ಬರುತ್ತದೆಂಬ ಅಂದಾಜಿದೆ. ದೇಶದ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆ. ಕೆಲವೇ ತಾಲ್ಲೂಕುಗಳ, ಅದರಲ್ಲೂ ಕೆಲವೇ ಪಂಚಾಯಿತಿಗಳ ಮೇಲೆ ಬೀಳುವಾಗ ಅದು ಸಣ್ಣದಲ್ಲ. ಸಣ್ಣ ಪ್ರದೇಶದ ರೋಗವಾದ್ದರಿಂದಲೇ ಪರಿಹಾರವೂ ಕೈಗೆಟುಕುವಂಥದು. ಹಂಗಾಮಿಗೆ ಮುನ್ನ ಕಾಡಂಚಿನ ಮನೆಗಳಿಗೆ ಉರುವಲಿನ ಬೇರೆ ಏರ್ಪಾಟು ಮಾಡಬಹುದು. ಲಸಿಕೆ ಬಂದಾಗ ಚುಚ್ಚಿಸಿಕೊಂಡ ದಿನದ ಕೂಲಿ ತುಂಬಿಕೊಡಬಹುದು. ದರಗಿನ ರಾಶಿಯನ್ನು ಮನೆಯಿಂದ ದೂರ ಹಾಕಲು ಜಾಗ ಒದಗಿಸಬಹುದು. ಜ್ವರ ಖಚಿತವಾದವರಿಗೆ, ಒಡೆಯನಾರೆಂದು ಕೇಳದೆ, ಚೇತರಿಸಿಕೊಳ್ಳುವ ವಾರಗಳ ಕೂಲಿ ಕೊಡಬಹುದು. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ.

ಪ್ಲೇಗಿನ ಕಾಲದ ಆಡಳಿತ ಮೊದಲು ಬಲವಂತಕ್ಕೆ ಹೊರಟು, ಗಂಜಾಂನಂಥ ಗಲಭೆ ಕಂಡಿತು. ಹೊಲದಲ್ಲಿ ಬದುಕು ನಡೆಯುತ್ತದೆಂದು ಗೊತ್ತಾದಾಗ ಮಾತ್ರ ಒಕ್ಕಲಿಗ ಊರು ಬಿಟ್ಟ. ಲಕ್ಕವಳ್ಳಿಯ ಹಿನ್ನೀರಿನ ಈಚೆ ದಡದಲ್ಲಾಗಲಿ, ನರಸಿಂಹರಾಜಪುರದ ಆಚೆ ದಡದಲ್ಲಾಗಲಿ, ಪ್ರತಿ ಚಳಿಗಾಲ ಬರುವ ಸೂಚನೆಯಲ್ಲಿ ಕಾಡಿಗೆ ಹೋಗಬೇಡಿ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಬೇಕಾಗಿದೆ. ಹೋಗದಿದ್ದ ದಿನದ ಕೂಲಿ ಎಲ್ಲಿ, ಯಾರಿಂದ ಸಿಗುತ್ತದೆ ಎಂಬುದನ್ನು ತಿಳಿಸುವ ಸಾಲು.